ಜಾಕ್‌ಪಾಟ್ ‘ಸ್ವಲ್ಪದರಲ್ಲಿ’ ತಪ್ಪುವುದು ಹೇಗೆ?

ಕ್ಯಾಸಿನೊದಲ್ಲಿ ದುಡ್ಡು ಕಳೆದುಕೊಂಡವರನ್ನು ಕಂಡರೆ ಜನ ದುರಾಸೆ ಅನ್ನುತ್ತಾರೆ, ಇಲ್ಲವೇ ಗ್ರಹಚಾರ ಅನ್ನುತ್ತಾರೆ. ದುಡ್ಡು ಹಾಕಿದರೆ ಗುರುತುಗಳಿರುವ ಚಕ್ರಗಳು ತಿರುಗಿ, ಗುರುತುಗಳು ಒಂದೇ ಸಾಲಿಗೆ ಬಂದು ನಿಂತರೆ ದುಡ್ಡು ಕೊಡುವ ಜೂಜಿನ ಯಂತ್ರವೇ ಸ್ಲಾಟ್ ಮಷೀನ್. ಅದರ ಒಳಗೇನಿದೆ ಅಂತ ಕೇಳುವವರು ಕಡಿಮೆ.

ಹಳೆಯ ಯಂತ್ರಗಳಲ್ಲಿ ಕಣ್ಣಿಗೆ ಕಂಡದ್ದೇ ಲೆಕ್ಕ. ಮೂರು ಚಕ್ರ, ಒಂದೊಂದಕ್ಕೂ 22 ಜಾಗ, ಜಾಕ್‌ಪಾಟ್ (ಅತಿ ದೊಡ್ಡ ಬಹುಮಾನ) ಗುರುತು ಚಕ್ರಕ್ಕೊಂದು ಅಂದುಕೊಳ್ಳಿ. ಮೂರೂ ಒಂದೇ ಸಾಲಿಗೆ ಬರುವುದು 10,648 ಸಲಕ್ಕೆ ಒಮ್ಮೆ. 1984ರಲ್ಲಿ ಇಂಗೆ ಟೆಲ್ನೆಸ್ ಎಂಬವರಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಅಲ್ಲಿಂದ ಈ ಲೆಕ್ಕ ಬದಲಾಯಿತು. ಚಕ್ರ ಎಲ್ಲಿ ನಿಲ್ಲಬೇಕೆಂದು ಈಗ ಚಿಪ್ ನಿರ್ಧರಿಸುತ್ತದೆ. ಅದು 1ರಿಂದ 64ರೊಳಗೆ ಒಂದು ಸಂಖ್ಯೆ ಆರಿಸುತ್ತದೆ ಅನ್ನಿ. ಜಾಕ್‌ಪಾಟ್ ಗುರುತಿಗೆ ಒಂದೇ ಸಂಖ್ಯೆ ಕೊಟ್ಟು, ಅದರ ಮೇಲಿನ ಮತ್ತು ಕೆಳಗಿನ ಖಾಲಿ ಜಾಗಕ್ಕೆ ಐದೈದು ಕೊಟ್ಟರೆ ಏನಾಗುತ್ತದೆ? ಮೂರೂ ಕೂಡಿ ಬರುವುದು 2,62,144 ಸಲಕ್ಕೆ ಒಮ್ಮೆ. ಆದರೆ ಒಂದೊಂದು ಚಕ್ರದಲ್ಲೂ ಗುರುತು ಸಾಲಿಗೆ ಸರಿಯಾಗಿ ಬರುವುದಕ್ಕಿಂತ ಒಂದು ಮನೆ ಆಚೆಗೋ ಈಚೆಗೋ ನಿಲ್ಲುವುದು ಹತ್ತು ಪಟ್ಟು ಜಾಸ್ತಿ! ‘ಅಯ್ಯೋ, ಇನ್ನೇನು ಬಂದೇಬಿಟ್ಟಿತ್ತು’ ಎಂಬ ಉದ್ಗಾರ ಆ ಹಂಚಿಕೆಯಿಂದಲೇ ಹುಟ್ಟುವುದು.

ಕಲ್ಲೆಸೆದು ಹಣ್ಣು ಉದುರಿಸುವವನಿಗೆ ಸ್ವಲ್ಪದರಲ್ಲಿ ತಪ್ಪಿದ ಕಲ್ಲು ಪಾಠ ಕಲಿಸುತ್ತದೆ. ಮುಂದಿನ ಕಲ್ಲು ಇನ್ನೂ ಹತ್ತಿರ ಹೋಗುತ್ತದೆ. ನಮ್ಮ ಮಿದುಳು ಆ ರೂಢಿಯದ್ದು. ಚಿಪ್‌ನ ಮುಂದೆ ಈ ಪಾಠ ಕೆಲಸಕ್ಕೆ ಬರುವುದಿಲ್ಲ, ಆದರೂ ಮಿದುಳು ಬಿಡುವುದಿಲ್ಲ. 2009ರಲ್ಲಿ ಮನೋವಿಜ್ಞಾನಿ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು ಆಟ ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಗೆದ್ದಾಗ ಚುರುಕಾಗುವ ಭಾಗಗಳಲ್ಲಿ ಕೆಲವು, ಸ್ವಲ್ಪದರಲ್ಲಿ ಸೋತಾಗಲೂ ಚುರುಕಾದವು. ಅಂಥ ಸೋಲು ಆಡುವವರಿಗೆ ಬೇಸರ ತರಿಸಿತ್ತು, ನಿಜ. ಆದರೆ ಗುರುತನ್ನು ತಾವೇ ಆರಿಸಿದ್ದಾಗ ಇನ್ನೊಂದಾಟ ಆಡುವ ಆಸೆಯೂ ಹೆಚ್ಚಿತ್ತು.

ಚಿಪ್ ಇಲ್ಲದ ಕಾಲದಲ್ಲೂ ಜನ ಹೀಗೇ ಮುಳುಗಿದ್ದರು. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ರೂಲೆಟ್ (ತಿರುಗುವ ಚಕ್ರದ ಕೆಂಪು, ಕಪ್ಪು ಮನೆಗಳಲ್ಲಿ ಚೆಂಡು ಎಲ್ಲಿ ಬೀಳುತ್ತದೆಂದು ಪಣ ಕಟ್ಟುವ ಆಟ) ಚೆಂಡು ಸತತ 26 ಸಲ ಕಪ್ಪಿಗೆ ಬಿತ್ತು. ಇನ್ನು ಕೆಂಪು ಬರಲೇಬೇಕು ಅಂತ ಜನ ಕೆಂಪಿನ ಮೇಲೆ ಸುರಿಯುತ್ತಾ ಹೋದರು. ಹಿಂದಿನ ಸುತ್ತಿನ ನೆನಪು ಚೆಂಡಿಗೆ ಇರುವುದಿಲ್ಲ ಅಲ್ವಾ?

ಇದರ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಆಸ್ಟ್ರೇಲಿಯಾ ಸರ್ಕಾರಕ್ಕೆ ಸಲಹೆ ಕೊಡುವ ಪ್ರಾಡಕ್ಟಿವಿಟಿ ಕಮಿಷನ್ 2010ರಲ್ಲಿ ಒಂದು ಅಂದಾಜು ಕೊಟ್ಟಿತು. ಜೂಜಿನ ಯಂತ್ರಗಳಿಗೆ ಬೀಳುವ ದುಡ್ಡಿನಲ್ಲಿ ಸುಮಾರು ಶೇ. 40ರಷ್ಟು, ಜೂಜಿನ ಗೀಳು ಹತ್ತಿದ ಸ್ವಲ್ಪವೇ ಜನರದ್ದು. ಅಂದರೆ ಅವರ ಮನೆಯ ಬಾಡಿಗೆ, ಮಕ್ಕಳ ಫೀಸು, ಸಾಲ ತಂದ ಹಣ. ಬಟನ್ ಒತ್ತಿದ ಪ್ರತಿ ಸಲವೂ 1 ಡಾಲರ್‌ಗಿಂತ ಜಾಸ್ತಿ ಕಟ್ಟಲು ಆಗದಂತೆ ಯಂತ್ರವನ್ನೇ ಬದಲಿಸಿ ಎಂದೂ ಅದೇ ವರದಿ ಹೇಳಿತ್ತು. ಸೋತವನಿಗೆ ಬುದ್ಧಿ ಹೇಳುತ್ತಾ ಕೂರದೆ ಯಂತ್ರಕ್ಕೇ ಕೈ ಹಾಕಿದ ಆ ಸಲಹೆ ನನಗೆ ತುಂಬಾ ಹಿಡಿಸಿತು.