ಹಾಡು ಮುಗಿದ ಮೇಲೆ ಗೌಹರ್ ಜಾನ್ ಹೆಸರು ಹೇಳುತ್ತಿದ್ದುದು ಯಾಕೆ?

ಪ್ರಶ್ನೆ: ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಹಳೆಯ ಗ್ರಾಮಫೋನ್ ಹಾಡುಗಳ ಕೊನೆಯಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಕೇಳಿಸುತ್ತದೆ. ಹಿಂದೂಸ್ತಾನಿ ಹಾಡಿಗೆ ಈ ಇಂಗ್ಲಿಷ್ ಮಾತು ಯಾಕೆ?

ಉತ್ತರ: ಆ ಮಾತು ಜರ್ಮನಿಯ ಹ್ಯಾನೋವರ್ ಕಾರ್ಖಾನೆಯ ಕೆಲಸಗಾರರಿಗಾಗಿ.

1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಯಂತ್ರ ಹೂಡಿ ಗೌಹರ್ ಜಾನ್ ಅವರ ದನಿ ಹಿಡಿದರು. ಆಗ ಮೈಕ್ ಇರಲಿಲ್ಲ. ದೊಡ್ಡ ಕೊಂಬಿನ ಬಾಯಿಗೆ ಮುಖ ಒಡ್ಡಿ ಜೋರಾಗಿ ಹಾಡಬೇಕು. ಆ ದನಿಯ ಬಲಕ್ಕೇ ಸೂಜಿ ಅಲುಗಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಹೀಗೆ ಸಿದ್ಧವಾದ ತಟ್ಟೆಗಳು ಹ್ಯಾನೋವರ್‌ಗೆ ಹೋಗಿ, ಅಲ್ಲಿ ಅಚ್ಚಾಗಿ, ಲೇಬಲ್ ಅಂಟಿಸಿಕೊಂಡು ವಾಪಸ್ ಬರುತ್ತಿದ್ದವು. ಅಲ್ಲಿನವರಿಗೆ ನಮ್ಮ ಭಾಷೆಯೂ ಗೊತ್ತಿಲ್ಲ, ಹಾಡುಗಾರರೂ ಗೊತ್ತಿಲ್ಲ. ಯಾವ ತಟ್ಟೆ ಯಾರದು ಅಂತ ತಿಳಿಯಬೇಕಲ್ವಾ? ಅದಕ್ಕೇ ಹಾಡಿನ ಕೊನೆಗೆ ಹೆಸರು ಹೇಳಿಸುತ್ತಿದ್ದರು. ಅಲಹಾಬಾದಿನ ಗಾಯಕಿ ಜಾನಕಿಬಾಯಿಯವರ ರೆಕಾರ್ಡುಗಳಲ್ಲೂ ಹೀಗೇ ಹೆಸರು ಕೇಳಿಸುತ್ತದೆ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ತೆರೆದ ಮೇಲೆ ಅಷ್ಟು ದೂರದ ಪ್ರಯಾಣ ತಪ್ಪಿತು.

ಕಾರಣ ಇಷ್ಟೇ ಆದರೂ ನನಗೆ ಆ ಮಾತಿನಲ್ಲಿ ಬರೀ ಲೇಬಲ್ಲಿನ ವಿವರ ಕೇಳಿಸುವುದಿಲ್ಲ. ಹೆಸರು ಹೇಳುವಾಗ ಅವರ ದನಿಯಲ್ಲಿ ಒಂಚೂರೂ ಅಳುಕಿಲ್ಲ. ದನಿಯೇ ಹೋಗಿಬಿಡುತ್ತದೆ, ವಿದ್ಯೆ ಬೀದಿಪಾಲಾಗುತ್ತದೆ ಅಂತ ಎಷ್ಟೋ ಉಸ್ತಾದರು ಯಂತ್ರದಿಂದ ದೂರ ನಿಂತಿದ್ದ ಕಾಲ ಅದು. ಗೌಹರ್ ಜಾನ್ ಮುಂದೆ ಬಂದರು. ತಾಸುಗಟ್ಟಲೆ ಬೆಳೆಸಬಹುದಾದ ರಾಗವನ್ನು ಎರಡು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಆಲಾಪಕ್ಕೆ ಹೆಚ್ಚು ಹೊತ್ತು ಕೊಡದೆ ನೇರವಾಗಿ ಬಂದಿಶ್, ಅಂದರೆ ತಾಳಕ್ಕೆ ಕೂಡಿಸಿದ ರಚನೆ, ಹಿಡಿದು, ಚುರುಕಾದ ಸ್ವರಗಳ ಓಟವಾದ ತಾನ್‌ಗಳಲ್ಲಿ ರಾಗದ ಮುಖ ತೋರಿಸಿ ಮುಗಿಸುವುದನ್ನು ಅವರು ರೂಢಿಸಿಕೊಂಡರು. ಇದು ಸುಮ್ನೆ ಬರುವ ವಿದ್ಯೆಯಲ್ಲ. ಏನನ್ನು ಬಿಡಬೇಕು ಅಂತ ಗೊತ್ತಿರಬೇಕಾದರೆ ರಾಗ ಪೂರ್ತಿ ಕೈಯಲ್ಲಿರಬೇಕು. ಠುಮ್ರಿ, ದಾದ್ರಾದಂಥ ಲಘು ಶಾಸ್ತ್ರೀಯ ಹಾಡು, ಭಜನೆ ಎಲ್ಲವನ್ನೂ ಹಲವು ಭಾಷೆಗಳಲ್ಲಿ ಹಾಡಿದರು. ಖಾಸಗಿ ಸಂಗೀತ ಕೂಟಗಳಾದ ಮೆಹಫಿಲ್‌ಗಳ ಬಾಗಿಲು ದಾಟಲಾಗದ ಜನರೂ ಅವರ ಹಾಡು ಕೇಳುವಂತಾಯಿತು.

ನಮ್ಮ ಮೈಸೂರಿಗೂ ಅವರಿಗೂ ನಂಟಿದೆ. ಹಣ, ಕೋರ್ಟು ಕೇಸು ಅಂತ ಬಳಲಿದ ಮೇಲೆ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಸಂಗೀತಗಾರ್ತಿಯಾದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಅವರ ಹಾಡು ಕೇಳುವಾಗ ಒಂದು ಗಮನದಲ್ಲಿರಲಿ. ಮೈಕ್ ಬಳಸಿ ಧ್ವನಿಮುದ್ರಣ ಮಾಡುವುದು ಶುರುವಾದದ್ದು 1925ರ ಹೊತ್ತಿಗೆ. ಗೌಹರ್ ಜಾನ್ ಅವರ ಹೆಸರುವಾಸಿ ರೆಕಾರ್ಡುಗಳೆಲ್ಲ ಅದಕ್ಕೂ ಮೊದಲಿನವು. ಸಣ್ಣ ದನಿಯ ನಯ, ತಂಬೂರಿಯ ತುಂಬುನಾದ ಇವೆಲ್ಲ ಆ ಕೊಂಬಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ದನಿ ತೆಳ್ಳಗೆ, ಕೀರಲಾಗಿ ಕೇಳಿಸಿದರೆ ಅದರಲ್ಲಿ ಯಂತ್ರದ ಪಾಲು ಜಾಸ್ತಿ.