ಕಿವಿ ಕೇಳುತ್ತೆ, ಮಾತು ಕೇಳಲ್ಲ

"ಮೇಡಂ, ಇವನಿಗೆ ಕಿವಿ ಚೆನ್ನಾಗೇ ಕೇಳುತ್ತೆ. ಹೇಳಿದ ಮಾತು ಮಾತ್ರ ಕೇಳಲ್ಲ."

ನಾಲ್ಕನೇ ಕ್ಲಾಸಿನ ಮಗನನ್ನು ಕರೆದುಕೊಂಡು ಬಂದ ಮಂಡ್ಯ ಕಡೆಯ ತಾಯಿಯೊಬ್ಬರು ಹೀಗೆ ಮಾತು ಶುರು ಮಾಡಿದರು. ಶ್ರವಣ ತಜ್ಞೆಯಾದ ನನಗೆ ಇದು ಹೊಸದಲ್ಲ. ನಮ್ಮ ಭಾಷೆಯಲ್ಲಿ ಸದ್ದು ಕಿವಿಗೆ ಬೀಳುವುದೂ ಕೇಳುವುದೇ, ಹೇಳಿದ ಹಾಗೆ ನಡೆಯುವುದೂ ಕೇಳುವುದೇ. ಈ ಎರಡರ ನಡುವೆ ಸಿಕ್ಕಿಕೊಂಡು ಎಷ್ಟೋ ಮಕ್ಕಳು ಸುಮ್ನೆ ಏಟು ತಿಂದಿವೆ.

ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದೆ. ಪಟಪಟ ಉತ್ತರ ಕೊಟ್ಟ. ಆದರೆ ಮನೆಯಲ್ಲಿ ಮಿಕ್ಸಿ ತಿರುಗುವಾಗ ತಟ್ಟೆ ತಾ ಅಂದರೆ ಬಟ್ಟೆ ತರುತ್ತಾನಂತೆ. ಶಾಲೆಯಲ್ಲಿ ಉಕ್ತಲೇಖನ ಅಂದರೆ ಅಳು. ಒತ್ತಕ್ಷರ ಬಂದ ಕಡೆಯೆಲ್ಲ ತಪ್ಪು.

ತಾಯಿಯ ಚೀಲದಲ್ಲಿ ಎರಡು ಕಾಗದ ಇದ್ದವು. ಒಂದು ಶ್ರವಣ ಪರೀಕ್ಷೆಯ ರಿಪೋರ್ಟ್. ಅದರ ಕೆಳಗೆ 'ನಾರ್ಮಲ್' ಅಂತ ಬರೆದಿತ್ತು. ಇನ್ನೊಂದು ಸೌಂಡ್ ಥೆರಪಿಯ ರಸೀದಿ. ಯಾವುದೋ ಒಂದು ಕೇಂದ್ರದಲ್ಲಿ ಮೂರು ತಿಂಗಳು ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸಿದ್ದಾರೆ. ಚೀಟಿ ಎತ್ತಿದ ದುಡ್ಡು ಅದಕ್ಕೇ ಹೋಗಿದೆ. ಹೆಡ್‌ಫೋನ್ ಹಾಕುವ ಮೊದಲು ಹುಡುಗನ ತೊಂದರೆ ಎಲ್ಲಿದೆ ಅಂತ ಯಾರೂ ಹುಡುಕಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಮೊದಲು ಆ 'ನಾರ್ಮಲ್' ಅನ್ನೋ ಪದದ ಬಗ್ಗೆ ಹೇಳಬೇಕು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, 250ರಿಂದ 8000 ಹರ್ಟ್ಜ್‌ವರೆಗಿನ ಪೀಂ ಪೀಂ ಸದ್ದುಗಳನ್ನು ಕೇಳಿಸುತ್ತೇವೆ. ಎಷ್ಟು ಸಣ್ಣ ಸದ್ದು ಕಿವಿಗೆ ಸಿಗುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಅಷ್ಟೇ. ಫ್ಯಾನು, ರಸ್ತೆ, ಪಕ್ಕದ ಕ್ಲಾಸಿನ ಮಗ್ಗಿ, ಇವುಗಳ ನಡುವೆ ಟೀಚರ ದನಿಯನ್ನು ಮಿದುಳು ಹೆಕ್ಕಿಕೊಳ್ಳುತ್ತದಾ? ಅದನ್ನು ಈ ಪರೀಕ್ಷೆ ಹೇಳುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇಂಥ ಮಕ್ಕಳ ರಿಪೋರ್ಟಿಗೆ 'ನಾರ್ಮಲ್' ಅಂತ ಬರೆದು ಮನೆಗೆ ಕಳಿಸಿದ್ದೇನೆ. ನೆನೆಸಿಕೊಂಡರೆ ಈಗಲೂ ನೋವಾಗುತ್ತದೆ.

ಇನ್ನು ಸೌಂಡ್ ಥೆರಪಿ. ಈ ಹೆಸರಿನ ಕೆಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಪದ್ಧತಿಗಳಿವೆ. ಹೆಡ್‌ಫೋನಿನಲ್ಲಿ ಸಂಗೀತ ಕೇಳಿಸುವ ಪದ್ಧತಿ ಫ್ರಾನ್ಸಿನದು. ಕಿವಿ, ಮೂಗು, ಗಂಟಲಿನ ವೈದ್ಯ ಆಲ್ಫ್ರೆಡ್ ತೊಮಾಟಿಸ್ 1950ರ ದಶಕದಲ್ಲಿ ಇದನ್ನು ಶುರು ಮಾಡಿದರು. ಅವರ ತಂದೆ ಒಪೆರಾ ಗಾಯಕ. ಗಾಯಕರ ದನಿ ಕೆಡುವುದಕ್ಕೂ ಅವರ ಕಿವಿಗೂ ನಂಟಿದೆ ಅನ್ನುವುದು ತೊಮಾಟಿಸ್ ಹಿಡಿದ ಎಳೆ. ಮೊಜಾರ್ಟ್ ಸಂಗೀತದ ಕೆಲವು ಕಂಪನಗಳನ್ನು ಸೋಸಿ ಕೇಳಿಸಿದರೆ ಕಿವಿ ಪಳಗುತ್ತದೆ ಅಂತ ಅವರು ನಂಬಿದ್ದರು. ಅದೇ ದೇಶದ ಗೀ ಬೆರಾರ್ ಆಮೇಲೆ ತಮ್ಮದೇ ಪದ್ಧತಿ ಮಾಡಿದರು. ಅದರಲ್ಲಿ ಸಲಕ್ಕೆ ಅರ್ಧ ಗಂಟೆಯಂತೆ 20 ಸಲ ಸಂಗೀತ ಕೇಳಿಸುತ್ತಾರೆ. ಆಟಿಸಂ ಇರುವ ಮಕ್ಕಳ ತಂದೆತಾಯಿ ಇದರ ಮೇಲೆ ತುಂಬ ಆಸೆ ಇಟ್ಟುಕೊಂಡರು. ಆಟಿಸಂಗೆ ಇದನ್ನು ಬಳಸುವುದಕ್ಕೆ ಪುರಾವೆ ಸಾಲದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 1998ರಲ್ಲೇ ಹೇಳಿತು. ಅಲ್ಲಿನ ವಾಕ್ ಮತ್ತು ಶ್ರವಣ ತಜ್ಞರ ಸಂಘವೂ 2004ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು.

ಸಣ್ಣ ದನಿಯಲ್ಲಿ ಸಂಗೀತ ಕೇಳಿದರೆ ಯಾವ ಮಗುವಿಗೂ ಕೆಡುಕಿಲ್ಲ. ಖುಷಿ ಸಿಗುತ್ತದೆ, ಸಿಗಲಿ. ಆದರೆ ಓದು ಕಲಿಯುವ ವಯಸ್ಸಿನಲ್ಲಿ ಕಳೆದ ಒಂದೊಂದು ತಿಂಗಳೂ ಮಗುವಿಗೆ ದುಬಾರಿ.

ಈ ಹುಡುಗನಿಗೆ ನಾವು ಮೊದಲು ನೋಡಿದ್ದು ಕಿವಿಯ ತಮಟೆಯ ಹಿಂದೆ ನೀರು ನಿಂತಿದೆಯಾ ಅಂತ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಇದು ಜಾಸ್ತಿ. ಒಂದು ವಾರ ಕೇಳುತ್ತೆ, ಇನ್ನೊಂದು ವಾರ ಮಂಕು. ಇವನಿಗೆ ಅದಿರಲಿಲ್ಲ. ಆಮೇಲೆ ಎರಡೂ ಕಿವಿಗೆ ಒಂದೇ ಹೊತ್ತಿಗೆ ಬೇರೆ ಬೇರೆ ಅಂಕಿ ಕೇಳಿಸಿದೆವು. ಬಲಗಿವಿಗೆ 'ಎರಡು', ಎಡಗಿವಿಗೆ 'ಐದು'. ಬಲಗಿವಿಯದ್ದನ್ನೆಲ್ಲ ಸರಿಯಾಗಿ ಹೇಳಿದ. ಎಡಗಿವಿಯದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪಿತು. ಗದ್ದಲದ ನಡುವೆ ಪದ ಹೇಳಿಸಿದಾಗಲೂ ಎಡವಿದ. ಕಿವಿ ಸರಿಯಿದೆ. ಕಿವಿ ತಂದುಕೊಟ್ಟದ್ದನ್ನು ಮಿದುಳು ಬಿಡಿಸಿಕೊಳ್ಳುವಾಗ ತೊಡಕಾಗುತ್ತಿದೆ.

ಇಂಥ ತೊಡಕಿಗೂ ಹೆಡ್‌ಫೋನಿನಲ್ಲೇ ತರಬೇತಿ ಕೊಡುತ್ತೇವೆ. ಆದರೆ ಅಲ್ಲಿ ಮಗು ಸುಮ್ಮನೆ ಕೇಳುತ್ತಾ ಕೂರುವುದಿಲ್ಲ. ಚುರುಕಾದ ಬಲಗಿವಿಯ ಸದ್ದನ್ನು ತಗ್ಗಿಸಿ, ಎಡಗಿವಿಗೆ ಬಂದದ್ದನ್ನು ಹೇಳಿಸುತ್ತೇವೆ. ಮಂದವಾದ ಕಣ್ಣನ್ನು ಪಳಗಿಸೋಕೆ ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಕಟ್ಟುತ್ತಾರಲ್ವಾ, ಹಾಗೆ. ಎಡಗಿವಿ ಹಿಡಿತಕ್ಕೆ ಬಂದಂತೆ ಬಲಗಿವಿಯ ಸದ್ದನ್ನು ಮೆಲ್ಲಗೆ ಏರಿಸುತ್ತಾ ಹೋಗುತ್ತೇವೆ. ಪ್ರತಿ ವಾರ ಅಂಕ ಬರೆದಿಡುತ್ತೇವೆ. ಏರದಿದ್ದರೆ ದಾರಿ ಬದಲಿಸುತ್ತೇವೆ.

ಅದರ ಜೊತೆಗೇ ಶಾಲೆಗೊಂದು ಪತ್ರ. ಕ್ಲಾಸಿನ ಗದ್ದಲಕ್ಕಿಂತ ಟೀಚರ ದನಿ 15 ಡೆಸಿಬೆಲ್‌ನಷ್ಟಾದರೂ ಮೇಲಿರಬೇಕು ಅನ್ನುವುದು ನಾವು ಇಟ್ಟುಕೊಂಡಿರುವ ಗುರಿ. ಬರೀ ಗೋಡೆ, ಟೈಲ್ಸ್ ನೆಲ, ಶೀಟಿನ ಸೂರು ಇರುವ ಕೋಣೆಯಲ್ಲಿ ಅದು ಕನಸೇ. ಅದಕ್ಕೆ ಮುಂದಿನ ಬೆಂಚು, ಕಿಟಕಿಯಿಂದ ದೂರ. ಹೇಳಿದ್ದನ್ನು ಬೋರ್ಡಿನ ಮೇಲೂ ಬರೆಯಿರಿ ಅಂತ ಕೇಳಿಕೊಂಡೆ. ಟೀಚರ ಕೊರಳಲ್ಲೊಂದು ಚಿಕ್ಕ ಮೈಕು, ಮಗುವಿನ ಕಿವಿಯಲ್ಲೊಂದು ರಿಸೀವರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಬೆಲೆ ಎಲ್ಲರ ಕೈಗೆ ಎಟುಕುವುದಿಲ್ಲ.

ಅಕ್ಷರದ ಕೆಲಸ ಬೇರೆಯೇ ಇದೆ. ಅದನ್ನು ಯಾವ ಹೆಡ್‌ಫೋನೂ ಮಾಡಿಕೊಡುವುದಿಲ್ಲ. ಕಲ್ಲು, ಹಲ್ಲು, ಹುಲ್ಲು ಅಂತ ಪ್ರಾಸ ಜೋಡಿಸುವುದು. 'ಮರ'ದ 'ಮ' ತೆಗೆದು 'ಬ' ಇಟ್ಟರೆ ಏನಾಗುತ್ತದೆ ಅಂತ ಕೇಳುವುದು. ಗಂಟಲ ಮೇಲೆ ಬೆರಳಿಟ್ಟು ಪ, ಬ ಹೇಳಿಸುವುದು. 'ಬ' ಹೇಳುವಾಗ ತುಟಿ ತೆರೆಯುವ ಮೊದಲೇ ಗಂಟಲು ಗುಂಯ್ ಅನ್ನುತ್ತದೆ, 'ಪ'ಗೆ ಅನ್ನುವುದಿಲ್ಲ. ನೀವೇ ಬೆರಳಿಟ್ಟು ನೋಡಿ. ಕಿವಿಗೆ ಸಿಗದ ವ್ಯತ್ಯಾಸ ಎಷ್ಟೋ ಮಕ್ಕಳಿಗೆ ಬೆರಳಿಗೆ ಸಿಗುತ್ತದೆ.

ಟೀಚರುಗಳಿಗೂ ಒಂದು ಮಾತು. ಈ ಹುಡುಗ 'ಹಾಲು' ಬರೆಯುವ ಕಡೆ 'ಆಲು' ಬರೆದದ್ದಕ್ಕೆ ಕೆಂಪು ಗೆರೆ ಬಿದ್ದಿತ್ತು. ಅವರ ಮನೆಯಲ್ಲಿ ಎಲ್ಲರೂ 'ಆಲು' ಅಂತಲೇ ಅನ್ನುತ್ತಾರೆ. ಅವನು ಕೇಳಿದ್ದನ್ನೇ ಬರೆದಿದ್ದಾನೆ. ಅದು ಊರಿನ ಮಾತು, ರೋಗವಲ್ಲ. ಬರೆಯುವಾಗ 'ಹ' ಇದೆ ಅಂತ ಪ್ರೀತಿಯಿಂದ ಹೇಳಿಕೊಟ್ಟರೆ ಸಾಕು.

ದೊಡ್ಡವರ ವಿಷಯದಲ್ಲಿ ಸದ್ದೇ ಮದ್ದಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಿವೃತ್ತ ಮೇಷ್ಟ್ರೊಬ್ಬರು "ತಲೆಯೊಳಗೆ ಜೀರುಂಡೆ ಕೂತಿದೆಯಮ್ಮ, ರಾತ್ರಿ ನಿದ್ದೆಯಿಲ್ಲ" ಅಂತ ಬಂದರು. ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಬರಬೇಕಾದ ಸದ್ದು ಬಾರದೆ ಹೋದಾಗ ಮಿದುಳು ತನ್ನ ವಾಲ್ಯೂಮನ್ನು ತಾನೇ ಏರಿಸಿಕೊಳ್ಳುತ್ತದೆ. ಜೀರುಂಡೆ ಹುಟ್ಟುವುದು ಅಲ್ಲೇ ಅನ್ನುತ್ತಾರೆ. ಮೇಷ್ಟ್ರಿಗೆ ಶ್ರವಣ ಯಂತ್ರ ಹಾಕಿದೆವು. ಮಲಗುವಾಗ ಮಳೆಯ ಸದ್ದು ಇಟ್ಟುಕೊಳ್ಳಲು ಹೇಳಿದೆವು. ಜೀರುಂಡೆಯನ್ನು ಮುಳುಗಿಸುವಷ್ಟು ಜೋರಾಗಿ ಬೇಡ, ಅದಕ್ಕಿಂತ ಒಂಚೂರು ಕಡಿಮೆ. ಎರಡೂ ಕೇಳುತ್ತಿದ್ದರೆ ಮಿದುಳು ಜೀರುಂಡೆಯನ್ನು ಲೆಕ್ಕಕ್ಕೆ ಇಡದಿರಲು ಕಲಿಯುತ್ತದೆ. ತಿಂಗಳುಗಳೇ ಬೇಕು. ಮೇಷ್ಟ್ರಿಗೆ ಐದು ತಿಂಗಳು ಹಿಡಿಯಿತು. ಜೀರುಂಡೆ ಈಗಲೂ ಇದೆ, ನಿದ್ದೆ ಬರುತ್ತಿದೆ.

ಆದರೆ ಇಂಥ ಜೀರುಂಡೆ ಸದ್ದು ಒಂದೇ ಕಿವಿಯಲ್ಲಿದ್ದರೆ, ಇಲ್ಲವೇ ನಾಡಿಯ ತಾಳಕ್ಕೆ ಬಡಿಯುತ್ತಿದ್ದರೆ ಮೊದಲು ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಬೆಳಗ್ಗೆ ಎದ್ದಾಗ ಒಂದು ಕಿವಿ ದಿಢೀರನೆ ಕೇಳದಾಗಿದ್ದರೆ ಅವತ್ತೇ ಹೋಗಿ. ನೆಗಡಿಯಿರಬೇಕು ಅಂತ ವಾರಗಟ್ಟಲೆ ಕಾದರೆ ಚಿಕಿತ್ಸೆಯ ಹೊತ್ತು ಮೀರಿಬಿಡುತ್ತದೆ.

ಮಕ್ಕಳ ಪರೀಕ್ಷೆಗೆ ದಾರಿ ಗೊತ್ತಿಲ್ಲದವರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಬಹುದು. ಅದು ಕೇಂದ್ರ ಸರ್ಕಾರದ ಸಂಸ್ಥೆ. ಎಲ್ಲಿಗೇ ಹೋಗಿ, ಥೆರಪಿಗೆ ದುಡ್ಡು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ. ನನ್ನ ಮಗುವಿನ ತೊಂದರೆ ಎಲ್ಲಿದೆ ಅಂತ ಯಾವ ಪರೀಕ್ಷೆಯಿಂದ ಗೊತ್ತಾಯಿತು? ಅದು ಕಡಿಮೆಯಾಗಿದೆ ಅಂತ ಹೇಗೆ ಅಳೆಯುತ್ತೀರಿ?

ಹುಡುಗನಿಗೆ ಎಂಟು ವಾರ ಆಯಿತು. ಎಡಗಿವಿಯ ಅಂಕ ಏರುತ್ತಿದೆ, ಇನ್ನೂ ವಯಸ್ಸಿಗೆ ತಕ್ಕಷ್ಟಿಲ್ಲ. ಉಕ್ತಲೇಖನದಲ್ಲಿ ಹತ್ತಕ್ಕೆ ನಾಲ್ಕು. ತಾಯಿ ಈಗ ಮಿಕ್ಸಿ ನಿಲ್ಲಿಸಿ, ಅವನ ಹತ್ತಿರ ಹೋಗಿ, ಮುಖ ನೋಡಿ ಹೇಳುತ್ತಾರಂತೆ. ಮೊನ್ನೆ ಅವನು ತಟ್ಟೆಯನ್ನೇ ತಂದನಂತೆ.