ಮೊದಲು ಅಜ್ಜಿಯ ತವರಿನ ಹೆಸರು ಕೇಳಿ

‘ಮುತ್ತಜ್ಜನ ಹೆಸರು ಜಾನ್ ಮ್ಯಾಕ್‌ಡೊನಾಲ್ಡ್, ಇನ್ವರ್‌ನೆಸ್ ಕಡೆಯವರು.’ ಸ್ಕಾಟ್ಲೆಂಡಿನ ಬೇರು ಹುಡುಕುವವರು ಇಷ್ಟನ್ನೇ ಹಿಡಿದು ಬರುತ್ತಾರೆ. ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಎಂಬ ಸರ್ಕಾರಿ ದಾಖಲೆಗಳ ಜಾಲತಾಣದ ಸೂಚಿಯಲ್ಲಿ ವರ್ಷ ಹೊಂದಿದ ಮೊದಲ ಜಾನ್‌ನನ್ನು ವಂಶವೃಕ್ಷಕ್ಕೆ ಸೇರಿಸಿಬಿಡುತ್ತಾರೆ. ಅಲ್ಲಿಂದ ಮೇಲಿರುವುದೆಲ್ಲ ಬೇರೆ ಯಾರದೋ ಮನೆತನ.

ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವುದು ಅಲ್ಲಿನ ಹಳೆಯ ವಾಡಿಕೆ. ಹಾಗಾಗಿ ನಾಲ್ವರು ಅಣ್ಣತಮ್ಮಂದಿರ ಹಿರಿಮಕ್ಕಳು ನಾಲ್ವರೂ ಜಾನ್‌ಗಳೇ ಆಗಿರಬಹುದು, ಒಂದೇ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶದಲ್ಲಿ), ಹತ್ತಿರಹತ್ತಿರದ ವಯಸ್ಸಿನವರು. ತಾತನ ಹೆಸರಿಡುವ ನಮ್ಮ ಮನೆಗಳಲ್ಲೂ ಈ ಗೊಂದಲ ಹೊಸದಲ್ಲ.

ಇವರನ್ನು ಬೇರ್ಪಡಿಸುವುದು ತಾಯಿಯ ತವರಿನ ಹೆಸರು, ಅಂದರೆ ಮದುವೆಗೆ ಮೊದಲಿನ ಮನೆತನದ ಹೆಸರು. ಸ್ಕಾಟ್ಲೆಂಡಿನಲ್ಲಿ 1855ರ ಜನವರಿ 1ರಿಂದ ನೋಂದಣಿ ಕಡ್ಡಾಯ. ಅಲ್ಲಿನ ಜನನ, ಮದುವೆ, ಮರಣ ಮೂರೂ ದಾಖಲೆಗಳಲ್ಲಿ ಆ ಹೆಸರಿಗೆ ಜಾಗವಿದೆ. ಅದೇ ಕಾಲದ ಇಂಗ್ಲೆಂಡಿನ ಮದುವೆ ಪತ್ರದಲ್ಲಿ ತಂದೆಯ ಹೆಸರು ಮಾತ್ರ. ಆದ್ದರಿಂದ ಮರಣದಿಂದ ಮದುವೆಗೆ, ಮದುವೆಯಿಂದ ಜನನಕ್ಕೆ ಹಿಂದೆ ನಡೆಯಿರಿ. ಪ್ರತಿ ಹೆಜ್ಜೆಗೂ ಸೂಚಿಯ ಸಾಲನ್ನಲ್ಲ, ಮೂಲ ಪುಟವನ್ನೇ ತೆರೆದು ತಾಯಿಯ ತವರಿನ ಹೆಸರು ತಾಳೆಯಾಗುತ್ತದೆಯೇ ನೋಡಿ. 1861ರಿಂದ ಜನನದ ಪುಟದಲ್ಲಿ ತಂದೆತಾಯಿಯ ಮದುವೆಯ ದಿನಾಂಕ, ಸ್ಥಳವೂ ಸಿಗುತ್ತದೆ. ಮುಂದಿನ ತಲೆಮಾರಿನ ದಾರಿ ಅದೇ.

ತಾಳೆಯಾಗದಿದ್ದರೆ ಕೂಡಲೇ ಕೈಬಿಡಬೇಡಿ. ಮಾಹಿತಿ ಕೊಟ್ಟವರು ಯಾರೆಂದು ನೋಡಿ. ಮಾವನ ಸಾವನ್ನು ಬರೆಸಿದ ಅಳಿಯ, ಆ ಮಾವನ ತಾಯಿಯನ್ನು ಕಂಡೇ ಇರಲಿಕ್ಕಿಲ್ಲ. ಸಾಮಾನ್ಯವಾಗಿ, ಹೆತ್ತವರೇ ಬರೆಸಿದ ಜನನದ ದಾಖಲೆ ಹೆಚ್ಚು ನಂಬಿಕೆಗೆ ಅರ್ಹ.

1855ಕ್ಕೂ ಹಿಂದಕ್ಕೆ ಹೋದರೆ ಚರ್ಚ್ ಪುಸ್ತಕಗಳು. ಅತಿ ಹಳೆಯದು ಎರಲ್ ಎಂಬ ಊರಿನದು, 1553ರದು. ಇವುಗಳಲ್ಲಿ ಬಿಟ್ಟುಹೋದ ಮಕ್ಕಳು ಬಹಳ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ ಮೂರು ಪೆನ್ನಿ ತೆರಿಗೆಯಿತ್ತು, ಹಲವರು ಬರೆಸಲಿಲ್ಲ. 1843ರಲ್ಲಿ ಚರ್ಚ್ ಒಡೆದು ಫ್ರೀ ಚರ್ಚ್ ಹುಟ್ಟಿತು, ಆ ಕಡೆ ಹೋದವರ ಮಕ್ಕಳು ಪ್ಯಾರಿಷ್ ಪುಸ್ತಕದಲ್ಲಿ ಇಲ್ಲದಿರಬಹುದು. ಹೆಸರು ಸಿಗಲಿಲ್ಲವೆಂದು ಪಕ್ಕದ ಊರಿನ ಜಾನ್‌ನನ್ನು ಎಳೆದು ತರಬೇಡಿ.

ಇತ್ತೀಚಿನ ತಲೆಮಾರಿಗೆ ಬಂಧುಗಳೇ ಗತಿ. ಜನನದ ಪುಟ 100 ವರ್ಷ, ಮದುವೆಯದು 75, ಮರಣದ್ದು 50 ವರ್ಷ ಆನ್‌ಲೈನ್‌ನಲ್ಲಿ ತೆರೆಯುವುದಿಲ್ಲ. ಹಿರಿಯರನ್ನು ‘ನಾವು ಯಾವ ಕುಲದವರು’ ಎಂದು ಕೇಳಿದರೆ ಬರುವುದು ಟಾರ್ಟನ್ ಎಂಬ ಕುಲದ ಚೌಕಳಿ ಬಟ್ಟೆಯ ಮಾತು. ಅತ್ತೆಯಂದಿರ ಹೆಸರು ಕೇಳಿ, ಯಾರ ಹೆಸರನ್ನು ಯಾರಿಗಿಟ್ಟರು ಕೇಳಿ, ಮನೆಯ ಬೈಬಲ್‌ನ ಮೊದಲ ಹಾಳೆ ತೋರಿಸಲು ಹೇಳಿ. ಸಮಾಧಿಗಲ್ಲಿನ ಫೋಟೊ ಇದ್ದರೆ ಇನ್ನೂ ಒಳ್ಳೆಯದು, ಅಲ್ಲಿನ ಕಲ್ಲುಗಳಲ್ಲಿ ಹೆಂಡತಿಯನ್ನು ಅನೇಕ ವೇಳೆ ತವರಿನ ಹೆಸರಿನಿಂದಲೇ ಕೆತ್ತಿರುತ್ತಾರೆ.